ಅಂತಿಮ ಪಂದ್ಯದ ಭವಿಷ್ಯ ನುಡಿಯಬಹುದೆ?

ನಾಳೆ ಕಾಲ್ಚೆಂಡಿನ ಅಂತಾರಾಷ್ಟ್ರೀಯ ಅಂತಿಮ ಪಂದ್ಯವೊಂದು ನಡೆಯಲಿದೆ ಎಂದರೆ ಇಂದು ಭವಿಷ್ಯ ನುಡಿಯುವವರಿಗೆ ಬರವಿಲ್ಲ. ರಾಯಚೂರಿನ ತೀನ್ ಕಂದೀಲಿನ ಬಳಿಯ ಚಹದಂಗಡಿಯಲ್ಲಿ, ದೇವದುರ್ಗದ ಬಸ್ಸು ನಿಲ್ದಾಣದ ಕಟ್ಟೆಯ ಮೇಲೆ, ಮಾನ್ವಿಯ ಕಿರಾಣಿ ಅಂಗಡಿಯ ಜಗಲಿಯಲ್ಲಿ, ಎಲ್ಲೆಲ್ಲಿಯೂ ಪಂಡಿತರೇ. ಒಬ್ಬರು ಹೆಸರಾಂತ ಆಟಗಾರನೊಬ್ಬನನ್ನು ನೆನೆದು ಗೆಲುವನ್ನು ಅವನ ತಂಡಕ್ಕೆ ಬರೆದುಕೊಡುತ್ತಾರೆ. ಇನ್ನೊಬ್ಬರು ಹಿಂದಿನ ಸೋಲನ್ನು ಎತ್ತಿ ತೋರಿಸಿ ಅದನ್ನು ಅಲ್ಲಗಳೆಯುತ್ತಾರೆ. ಮೂರನೆಯವರು ಮಾತಾಡದೆ ಎಲ್ಲವನ್ನೂ ಕೇಳಿಸಿಕೊಂಡು, ಪಂದ್ಯ ಮುಗಿದ ಮೇಲೆ, ‘ಹೀಗೇ ಆಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು’ ಎನ್ನುತ್ತಾರೆ. ಎಂದೂ ಸೋಲದ ಜ್ಯೋತಿಷಿ ಈ ಮೂರನೆಯವರೇ!

ಆದರೆ ವಿನೋದವನ್ನು ಬದಿಗಿಟ್ಟು ವಿಚಾರಿಸಿದರೆ, ಇಲ್ಲಿ ನಿಜವಾದ ಪ್ರಶ್ನೆಯೊಂದಿದೆ. ಇನ್ನೂ ಆಡದಿರುವ ಪಂದ್ಯದ ಬಗ್ಗೆ ಮುಂಚಿತವಾಗಿ ಏನನ್ನಾದರೂ ತಿಳಿಯಲು ಸಾಧ್ಯವೆ? ಎದುರಾಳಿ ಹೂಡುವ ವ್ಯೂಹವನ್ನು ಊಹಿಸಬಹುದೆ? ಊಹಿಸಬಹುದಾದರೆ ಎಷ್ಟರ ಮಟ್ಟಿಗೆ? ಈ ಪ್ರಶ್ನೆಗಳನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ, ನಡೆದುಹೋದ ಒಂದು ಮಹತ್ತ್ವದ ಪಂದ್ಯವನ್ನು ತೆಗೆದುಕೊಂಡು, ಅದರ ಹಿಂದಿನ ರಾತ್ರಿಗೆ ಹಿಂದಿರುಗಿ, ಆಗ ತಿಳಿದಿದ್ದ ಸಂಗತಿಗಳಿಂದಲೇ ಫಲವನ್ನು ಹೇಳಲು ಯತ್ನಿಸುವುದು ಲೇಸು. ಅದಕ್ಕೆ ೧೯೬೨ರ ಜಕಾರ್ತದ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು. ಆ ಪಂದ್ಯದ ಸೂತ್ರಧಾರ ರಾಯಚೂರಿನವರಿಗೆ ತೀರ ಪರಕೀಯನೂ ಅಲ್ಲ.

ಹೈದರಾಬಾದಿನ ಮೇಷ್ಟರು

೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯ ಉದಯಿಸುವವರೆಗೆ ರಾಯಚೂರು, ದೇವದುರ್ಗ, ಮಾನ್ವಿಗಳು ಹೈದರಾಬಾದಿಗೆ ಸೇರಿದ್ದವು. ಅಂದಿನ ಹೈದರಾಬಾದ್ ಕಾಲ್ಚೆಂಡಿನ ತವರೂರುಗಳಲ್ಲಿ ಒಂದು. ಹೈದರಾಬಾದ್ ಸಿಟಿ ಪೊಲೀಸ್ ತಂಡವು ೧೯೫೦ರಿಂದ ೧೯೫೪ರವರೆಗೆ ಸತತವಾಗಿ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುಕೊಂಡಿತು. ಆ ತಂಡವನ್ನು ರೂಪಿಸಿದವರು ಸೈಯದ್ ಅಬ್ದುಲ್ ರಹೀಮ್.

೧೯೦೯ರ ಆಗಸ್ಟ್ ೧೭ರಂದು ಹುಟ್ಟಿದ ರಹೀಮ್ ವೃತ್ತಿಯಿಂದ ಶಾಲಾ ಉಪಾಧ್ಯಾಯರು. ಹೈದರಾಬಾದಿನ ಶಾಲೆಗಳಲ್ಲಿ ಪಾಠ ಹೇಳುತ್ತ, ಕಾಲ್ಚೆಂಡನ್ನೂ ಪಾಠದಂತೆಯೇ ಕಲಿಸಬೇಕು, ಕಲಿಯಬೇಕು ಎಂದು ನಂಬಿದವರು. ೧೯೪೩ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ೧೯೫೦ರಿಂದ ಭಾರತ ತಂಡದ ಶಿಕ್ಷಕರಾದರು. ಆಟಗಾರರು ಅವರನ್ನು ಕರೆಯುತ್ತಿದ್ದುದು ‘ರಹೀಮ್ ಸಾಹೇಬ್’ ಎಂದು.

ಅವರ ಕೈಯಲ್ಲಿ ಭಾರತ ತಂಡ ಎತ್ತರಗಳನ್ನೂ ಕಂಡಿತು, ಆಳಗಳನ್ನೂ ಕಂಡಿತು. ೧೯೫೧ರ ಮಾರ್ಚ್ ತಿಂಗಳಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಸಾಹು ಮೇವಾಲಾಲರ ಒಂದೇ ಗೋಲಿನಿಂದ ಇರಾನ್ ಸೋತು, ಚಿನ್ನ ಭಾರತದ ಪಾಲಾಯಿತು. ಬೆಂಗಳೂರಿನ ಅಹಮದ್ ಖಾನ್ ಆ ತಂಡದಲ್ಲಿದ್ದರು. ಮರುವರ್ಷವೇ ಹೆಲ್ಸಿಂಕಿಯ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ೧೦-೧ರಿಂದ ಭಾರತವನ್ನು ಸದೆಬಡಿಯಿತು. ಯೂರೋಪಿನ ಚಳಿಯಲ್ಲಿ, ಒದ್ದೆ ನೆಲದ ಮೇಲೆ ಬರಿಗಾಲಿನ ಆಟ ನಡೆಯದು ಎಂಬುದು ಅಂದು ಮನದಟ್ಟಾಯಿತು. ರಹೀಮ್ ಎದೆಗುಂದಲಿಲ್ಲ. ನಾಲ್ಕು ವರ್ಷಗಳ ಅನಂತರ, ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, ಅವರ ತಂಡ ಆತಿಥೇಯ ಆಸ್ಟ್ರೇಲಿಯವನ್ನು ೪-೨ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿತು. ಭಾರತದ ಕಾಲ್ಚೆಂಡು ಒಲಿಂಪಿಕ್ಸ್‌ನಲ್ಲಿ ಮುಟ್ಟಿದ ಅತ್ಯಂತ ಎತ್ತರದ ಮೆಟ್ಟಿಲು ಅದೇ.

ಸೆಪ್ಟೆಂಬರ್ ೩ರ ರಾತ್ರಿ

ಓದುಗರು ಈಗ ೧೯೬೨ರ ಸೆಪ್ಟೆಂಬರ್ ೩ರ ರಾತ್ರಿಗೆ ಬರಬೇಕು. ಮರುದಿನ ಜಕಾರ್ತದ ಸೆನಾಯನ್ ಕ್ರೀಡಾಂಗಣದಲ್ಲಿ ಭಾರತಕ್ಕೂ ದಕ್ಷಿಣ ಕೊರಿಯಕ್ಕೂ ಚಿನ್ನದ ಪದಕಕ್ಕಾಗಿ ಪಂದ್ಯ. ನಿಷ್ಪಕ್ಷಪಾತಿಯಾದ ವಿಮರ್ಶಕನೊಬ್ಬ ಎರಡು ತಂಡಗಳ ಬಲಾಬಲಗಳನ್ನು ತಕ್ಕಡಿಯಲ್ಲಿಟ್ಟು ತೂಗಿದರೆ ಏನು ಕಂಡೀತು?

ಕೊರಿಯದ ತಟ್ಟೆಯಲ್ಲಿ ಭಾರವಾದ ವಸ್ತುಗಳೇ ಇದ್ದವು. ೧೯೫೬ ಮತ್ತು ೧೯೬೦ರಲ್ಲಿ ನಡೆದ ಮೊದಲ ಎರಡು ಏಷ್ಯ ಕಪ್‌ಗಳನ್ನೂ ಗೆದ್ದದ್ದು ಅದೇ ತಂಡ. ಮಿಗಿಲಾಗಿ, ಇದೇ ಕ್ರೀಡಾಕೂಟದ ಗುಂಪಿನ ಮೊದಲ ಪಂದ್ಯದಲ್ಲಿ ಅದು ಭಾರತವನ್ನು ೨-೦ಯಿಂದ ಸೋಲಿಸಿತ್ತು. ಕೆಲವೇ ದಿನಗಳ ಹಿಂದೆ ನಡೆದುದು ಮತ್ತೆ ನಡೆಯದು ಎನ್ನಲು ಕಾರಣವೇನು?

ಭಾರತದ ತಟ್ಟೆಯಲ್ಲಿ ಇದ್ದದ್ದು ಗಾಯಗಳು. ಥಾಯ್ಲೆಂಡಿನ ವಿರುದ್ಧದ ಪಂದ್ಯವನ್ನು ೪-೧ರಿಂದ ಗೆದ್ದರೂ ಹಿಂದಣ ಸಾಲಿನ ಕೋಟೆಯಂತಿದ್ದ ಜರ್ನೈಲ್ ಸಿಂಗರ ತಲೆ ಒಡೆದು ಹೊಲಿಗೆ ಹಾಕಬೇಕಾಯಿತು. ಇನ್ನೊಬ್ಬ ರಕ್ಷಕ ತ್ರಿಲೋಕ್ ಸಿಂಗರ ಕಾಲ್ಬೆರಳಿಗೆ ಪೆಟ್ಟಾಗಿತ್ತು. ನೀಳಕಾಯದ ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಬಳಲಿ ಹೊರಗುಳಿದಿದ್ದರು. ಅವರ ಸ್ಥಾನದಲ್ಲಿ ಪ್ರದ್ಯೋತ್ ಬರ್ಮನ್ ಆಡುತ್ತಿದ್ದರು. ಆದರೂ ತಂಡ ಜಪಾನನ್ನು ೨-೦ಯಿಂದ ಸೋಲಿಸಿತು; ಸೆಮಿಫೈನಲ್ಲಿನಲ್ಲಿ ದಕ್ಷಿಣ ವಿಯೆಟ್ನಾಮನ್ನು ೩-೨ರಿಂದ ಹೇಗೋ ದಾಟಿತು.

ಇದು ಸಾಲದೆಂಬಂತೆ ಊರೇ ಎದುರಾಗಿ ನಿಂತಿತ್ತು. ಇಸ್ರೇಲ್ ಮತ್ತು ತೈವಾನ್ ದೇಶಗಳ ಕ್ರೀಡಾಪಟುಗಳಿಗೆ ಇಂಡೊನೇಷ್ಯ ಪ್ರವೇಶ ನಿರಾಕರಿಸಿತ್ತು. ಏಷ್ಯನ್ ಕ್ರೀಡಾಕೂಟದ ಸ್ಥಾಪಕರಲ್ಲೊಬ್ಬರಾದ ಭಾರತದ ಗುರುದತ್ತ ಸೋಂಧಿ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಇದರಿಂದ ಕೆರಳಿದ ಜನ ಅಂತಿಮ ಪಂದ್ಯದ ಹಿಂದಿನ ದಿನ ಜಕಾರ್ತದ ಭಾರತೀಯ ರಾಯಭಾರ ಕಚೇರಿಯ ಮೇಲೆಯೇ ನುಗ್ಗಿದರು. ಮರುದಿನ ಸುಮಾರು ಒಂದು ಲಕ್ಷ ಪ್ರೇಕ್ಷಕರ ನಡುವೆ ಆಡಬೇಕಾದವರು ಭಾರತದ ಹನ್ನೊಂದು ಮಂದಿ.

ಇನ್ನೂ ಒಂದು ಸಂಗತಿಯಿತ್ತು. ರಹೀಮರ ಪುಪ್ಪುಸವನ್ನು ಅರ್ಬುದರೋಗ ಹಿಡಿದಿತ್ತು. ಅದಕ್ಕೆ ತಂಡದ ಪಟ್ಟಿಯಲ್ಲಿ ಸ್ಥಾನವಿಲ್ಲ. ಆದರೆ ಆ ತಂಡಕ್ಕೆ ಮರುದಿನದ ಪಂದ್ಯ ಬರಿಯ ಪಂದ್ಯವಾಗಿರಲಿಲ್ಲ.

ಈ ತಕ್ಕಡಿಯನ್ನು ನೋಡಿದ ಯಾವ ವಿವೇಕಿಯಾದರೂ ‘ಕೊರಿಯ’ ಎಂದೇ ನುಡಿಯುತ್ತಿದ್ದನು. ಅದು ತಪ್ಪು ನುಡಿ ಎನ್ನುವಂತೆಯೂ ಇರಲಿಲ್ಲ. ಭವಿಷ್ಯವಾದಿ ಮರೆತುಬಿಡಬಹುದಾದ ಸಂಗತಿ ಮತ್ತೊಂದು. ತಕ್ಕಡಿಯ ಭಾರಗಳು ರಾತ್ರಿಯೆಲ್ಲ ಅಲ್ಲಿಯೇ ಕುಳಿತಿರುವುದಿಲ್ಲ. ಬುದ್ಧಿವಂತನಾದ ಶಿಕ್ಷಕ ಅವನ್ನು ಎತ್ತಿ ಬೇರೆಡೆ ಇಡಬಲ್ಲ.

ಗಾಯವೇ ಆಯುಧವಾದ ಬಗೆ

ತಲೆಗೆ ಹೊಲಿಗೆ ಬಿದ್ದ ರಕ್ಷಕನನ್ನು ಏನು ಮಾಡಬೇಕು? ಹಿಂದಣ ಸಾಲಿನಲ್ಲಿ ನಿಲ್ಲಿಸಿದರೆ ಎತ್ತರದಿಂದ ಬರುವ ಪ್ರತಿಯೊಂದು ಚೆಂಡನ್ನೂ ತಲೆಯಿಂದಲೇ ತಡೆಯಬೇಕು. ಒಂದು ತಪ್ಪಿದರೆ ಗೋಲು. ಹೊರಗೆ ಕೂರಿಸಿದರೆ ಏಷ್ಯದಲ್ಲೇ ಶ್ರೇಷ್ಠನೆನಿಸಿದ ಆಟಗಾರನನ್ನು ಕಳೆದುಕೊಂಡಂತಾಯಿತು. ರಹೀಮ್ ಎರಡನ್ನೂ ಮಾಡಲಿಲ್ಲ. ಜರ್ನೈಲ್ ಸಿಂಗರನ್ನು ಮುಂದಣ ಸಾಲಿನ ನಡುವಿನಲ್ಲಿ, ಸೆಂಟರ್ ಫಾರ್ವರ್ಡ್ ಆಗಿ ನಿಲ್ಲಿಸಿದರು. ಅವರ ಜಾಗವನ್ನು ಹಿಂದುಗಡೆ ಅರುಣ್ ಘೋಷ್ ತುಂಬಿದರು.

ಮೊದಲು ಕೇಳಿದವರಿಗೆ ಇದು ಹುಚ್ಚುತನದಂತೆ ತೋರಬಹುದು. ವಾಸ್ತವವಾಗಿ ಲೆಕ್ಕ ಬಹು ನೇರ. ಮುಂದಣ ಸಾಲಿನಲ್ಲಿ ಒಂದು ಚೆಂಡು ತಪ್ಪಿದರೆ ಅವಕಾಶವೊಂದು ಹೋಗುತ್ತದೆ, ಅಷ್ಟೆ. ಅಲ್ಲದೆ ಆ ದೃಢಕಾಯದ ಸರ್ದಾರ್ ಎದುರಿಗೆ ಬಂದಾಗ ಕೊರಿಯದ ರಕ್ಷಕರು ಇಬ್ಬಿಬ್ಬರಾಗಿ ಅವರಿಗೇ ಅಂಟಿಕೊಳ್ಳಬೇಕು. ಆಗ ಪಕ್ಕದಲ್ಲಿ ಪಿ. ಕೆ. ಬ್ಯಾನರ್ಜಿ, ನಾಯಕ ಚುನಿ ಗೋಸ್ವಾಮಿ, ತುಳಸಿದಾಸ್ ಬಲರಾಮ್ ಇವರ ಕಾಲಿಗೆ ಜಾಗ ಸಿಗುತ್ತದೆ. ಸೆಮಿಫೈನಲ್ಲಿನಲ್ಲಿಯೇ ಈ ಪ್ರಯೋಗ ನಡೆದು ಜರ್ನೈಲ್ ಒಂದು ಗೋಲು ಹೊಡೆದಿದ್ದರು. ಸುಳಿವು ಕೊರಿಯಕ್ಕೂ ಸಿಕ್ಕಿತ್ತು. ಆದರೆ ಸುಳಿವು ಸಿಕ್ಕುವುದು ಬೇರೆ, ಮೂರು ದಿನಗಳಲ್ಲಿ ಅದಕ್ಕೆ ಮದ್ದು ಕಂಡುಹಿಡಿಯುವುದು ಬೇರೆ.

ಎರಡನೆಯ ಬದಲಾವಣೆ ಗೋಲಿನ ಬಾಯಲ್ಲಿ. ಜ್ವರದಿಂದ ಎದ್ದ ತಂಗರಾಜರನ್ನು ಅಂತಿಮ ಪಂದ್ಯಕ್ಕೆ ಮತ್ತೆ ಕರೆಸಲಾಯಿತು. ಕೊರಿಯದವರು ಎತ್ತರದ ಚೆಂಡುಗಳನ್ನು ಗೋಲಿನ ಮುಂದೆ ಸುರಿಯುವವರು. ಅವಕ್ಕೆ ನೀಳ ತೋಳುಗಳೇ ಉತ್ತರ. ಬರ್ಮನ್ ಚೆನ್ನಾಗಿಯೇ ಆಡಿದ್ದರು. ಆದರೆ ಈ ಎದುರಾಳಿಗೆ ಈ ಗೋಲ್‌ಕೀಪರ್ ಎಂಬುದು ರಹೀಮರ ತೀರ್ಮಾನ.

ಪಂದ್ಯ ಆರಂಭವಾಯಿತು. ಪ್ರೇಕ್ಷಕರ ಕೂಗಾಟ ಮೊದಲಿನಿಂದಲೇ ಭಾರತಕ್ಕೆ ವಿರುದ್ಧ. ಆ ಗದ್ದಲದ ನಡುವೆ ಭಾರತಕ್ಕೆ ಬೆಂಬಲವಾಗಿ ಕೇಳಿಬಂದ ದನಿಗಳಲ್ಲಿ ಪಾಕಿಸ್ತಾನದ ಹಾಕಿ ಆಟಗಾರರದೂ ಒಂದೆಂದು ಭಾರತದ ಆಟಗಾರರು ಮುಂದೆ ನೆನೆಸಿಕೊಂಡಿದ್ದಾರೆ. ೧೭ನೆಯ ನಿಮಿಷದಲ್ಲಿ ಬ್ಯಾನರ್ಜಿ ಗೋಲು ಹೊಡೆದರು. ೨೦ನೆಯ ನಿಮಿಷದಲ್ಲಿ ತಲೆಗೆ ಪಟ್ಟಿ ಕಟ್ಟಿದ್ದ ಜರ್ನೈಲ್ ಎರಡನೆಯದನ್ನು ಹೊಡೆದರು. ಮೂರು ನಿಮಿಷಗಳಲ್ಲಿ ತಕ್ಕಡಿ ತಿರುಗಿಹೋಯಿತು. ಕೊರಿಯ ಹಟ ಬಿಡದೆ ಮೇಲೆ ಬಿದ್ದಿತು. ೮೫ನೆಯ ನಿಮಿಷದಲ್ಲಿ ಒಂದು ಗೋಲನ್ನು ಹಿಂದಿರುಗಿಸಿತು. ಉಳಿದ ಐದು ನಿಮಿಷಗಳು ಯುಗಗಳಂತೆ ಕಳೆದವು. ೨-೧ರಿಂದ ಚಿನ್ನ ಭಾರತಕ್ಕೆ ಬಂತು.

ಒಂಬತ್ತು ತಿಂಗಳ ಅನಂತರ, ೧೯೬೩ರ ಜೂನ್ ೧೧ರಂದು, ರಹೀಮ್ ತೀರಿಕೊಂಡರು. ೧೯೭೦ರಲ್ಲಿ ಬ್ಯಾಂಕಾಕಿನಿಂದ ಒಂದು ಕಂಚು ಬಂದುದನ್ನು ಬಿಟ್ಟರೆ, ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಿನಲ್ಲಿ ಭಾರತ ಮತ್ತೆ ಪದಕ ಕಂಡಿಲ್ಲ. ಅವರ ಜೀವನವನ್ನು ಆಧರಿಸಿದ ‘ಮೈದಾನ್’ ಎಂಬ ಹಿಂದಿ ಚಲನಚಿತ್ರ ೨೦೨೪ರಲ್ಲಿ ತೆರೆ ಕಂಡಿತು. ಹೈದರಾಬಾದಿನ ಹಳೆಯ ಸೀಮೆಯವರಾದ ರಾಯಚೂರಿನ ಹೊಸ ತಲೆಮಾರು ರಹೀಮರ ಹೆಸರನ್ನು ಕೇಳಿದ್ದು ಬಹುಮಟ್ಟಿಗೆ ಆ ಚಿತ್ರದಿಂದಲೇ ಇರಬೇಕು.

ರಾಯಚೂರಿನ ಬಯಲಿನ ಒಂದು ಪಾಠ

ಎದುರಾಳಿಯ ತಂತ್ರವನ್ನು ಊಹಿಸುವ ಮಾತು ಬಂದಾಗ ಈ ನೆಲದವರು ದೂರ ಹೋಗಬೇಕಾಗಿಯೇ ಇಲ್ಲ. ದೇವದುರ್ಗ ಸೀಮೆಯನ್ನು ಮುಟ್ಟಿ ಹರಿಯುವ ಕೃಷ್ಣೆಗೂ ಮಾನ್ವಿ ಸೀಮೆಯನ್ನು ಮುಟ್ಟಿ ಹರಿಯುವ ತುಂಗಭದ್ರೆಗೂ ನಡುವಿನ ಈ ದೋಆಬ್ ಪ್ರದೇಶಕ್ಕಾಗಿ ೧೫೨೦ರಲ್ಲಿ ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನಿಗೂ ಯುದ್ಧ ನಡೆಯಿತು. ಅದರ ವಿವರವನ್ನು ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್.

ರಾಯನು ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದನು. ಆದಿಲ್‌ಶಾಹನು ಕೃಷ್ಣೆಯನ್ನು ದಾಟಿ ಬಂದು, ನದಿಯನ್ನು ಬೆನ್ನಿಗಿಟ್ಟುಕೊಂಡು ಬೀಡುಬಿಟ್ಟನು. ಅವನ ನಂಬಿಕೆಯೆಲ್ಲ ಫಿರಂಗಿಗಳ ಮೇಲೆ. ಶುಕ್ರವಾರ ಅಶುಭವೆಂದು ಆಪ್ತರು ಹೇಳಿದ್ದರಿಂದ ರಾಯನು ಶನಿವಾರದವರೆಗೆ ಕಾದನೆಂದು ನೂನಿಜ್ ಬರೆದಿದ್ದಾನೆ. ಪಂದ್ಯದ ದಿನ ಎಡಗಾಲಿನ ಬೂಟನ್ನೇ ಮೊದಲು ತೊಡುವ ಇಂದಿನ ಆಟಗಾರರು ಇದನ್ನು ಓದಿ ಸಮಾಧಾನಪಡಬಹುದು!

ಯುದ್ಧ ಆರಂಭವಾದೊಡನೆ ಬಿಜಾಪುರದ ಫಿರಂಗಿಗಳೆಲ್ಲ ಒಮ್ಮೆಲೆ ಗುಡುಗಿದವು. ವಿಜಯನಗರದ ಮುಂಚೂಣಿ ಚೆದುರಿ ಹಿಮ್ಮೆಟ್ಟಿತು. ಅಲ್ಲಿಯವರೆಗೆ ಆದಿಲ್‌ಶಾಹನ ಲೆಕ್ಕ ಸರಿಯಾಗಿಯೇ ನಡೆಯಿತು. ಆದರೆ ಎಲ್ಲ ಫಿರಂಗಿಗಳೂ ಒಂದೇ ಸಲ ಬರಿದಾದವು. ಓಡುವವರನ್ನು ಅಟ್ಟುತ್ತ ಹೊರಟ ಅವನ ಸೈನ್ಯ ತನ್ನ ಸಾಲನ್ನು ಕಳೆದುಕೊಂಡಿತು. ಆ ಗಳಿಗೆಯಲ್ಲಿ ರಾಯನು ಎರಡನೆಯ ಪಡೆಯೊಂದಿಗೆ ತಾನೇ ಮುನ್ನುಗ್ಗಿದನು. ಬಿಜಾಪುರದ ಸೇನೆ ಬೆನ್ನಿಗಿದ್ದ ಹೊಳೆಯೊಳಗೇ ದೂಡಲ್ಪಟ್ಟಿತು.

ಕಾಲ್ಚೆಂಡಿನಲ್ಲಿ ಇದನ್ನೇ ಪ್ರತಿದಾಳಿ ಎನ್ನುತ್ತಾರೆ. ಎಲ್ಲರನ್ನೂ ಮುಂದೆ ಕಳಿಸಿದ ತಂಡದ ಬೆನ್ನ ಹಿಂದೆ ಬಯಲು ಬರಿದಾಗಿರುತ್ತದೆ. ಚೆಂಡು ಕೈತಪ್ಪಿದ ಮರುಕ್ಷಣ ಎದುರಾಳಿಯ ವೇಗದ ಆಟಗಾರ ಆ ಬಯಲಿಗೆ ನುಗ್ಗುತ್ತಾನೆ. ಆದ್ದರಿಂದ ಅಂತಿಮ ಪಂದ್ಯದ ಹಿಂದಿನ ದಿನ ಬಲ್ಲವರು ಕೇಳುವ ಪ್ರಶ್ನೆ ‘ಯಾರು ಹೆಚ್ಚು ಬಲಶಾಲಿ?’ ಎಂಬುದಕ್ಕಿಂತ ‘ತನ್ನ ಬಲವನ್ನು ಬಳಸುವಾಗ ಅವನು ಯಾವ ಕಡೆ ಬರಿದಾಗುತ್ತಾನೆ?’ ಎಂಬುದೇ ಆಗಿರುತ್ತದೆ.

ಮೊದಲ ಭೇಟಿಯ ಭ್ರಮೆ

ಜಕಾರ್ತದ ಕಥೆಯಲ್ಲಿ ಇನ್ನೊಂದು ಅಂಶ ಗಮನಾರ್ಹ. ಗುಂಪಿನ ಪಂದ್ಯದಲ್ಲಿ ಸೋತವರೇ ಅಂತಿಮ ಪಂದ್ಯದಲ್ಲಿ ಗೆದ್ದರು. ಇದು ಅಪೂರ್ವವೇನಲ್ಲ. ೧೯೫೪ರ ವಿಶ್ವಕಪ್ಪಿನಲ್ಲಿ ಹಂಗೆರಿ ಗುಂಪಿನ ಪಂದ್ಯದಲ್ಲಿ ಪಶ್ಚಿಮ ಜರ್ಮನಿಯನ್ನು ೮-೩ರಿಂದ ನುಚ್ಚುನೂರು ಮಾಡಿತ್ತು. ಬರ್ನ್ ನಗರದ ಅಂತಿಮ ಪಂದ್ಯದಲ್ಲಿಯೂ ಎಂಟು ನಿಮಿಷಗಳೊಳಗೆ ಎರಡು ಗೋಲು ಮುಂದಿತ್ತು. ಆದರೂ ಜರ್ಮನಿ ೩-೨ರಿಂದ ಗೆದ್ದಿತು.

ಸೋತವನು ಆಟವನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಆಡುತ್ತಾನೆ. ಗೆದ್ದವನು ಅದನ್ನು ಮರೆತು ಮುಂದಕ್ಕೆ ಹೋಗುತ್ತಾನೆ. ಹಾಗೆಂದು ಇದನ್ನೇ ನಿಯಮವೆಂದು ಹಿಡಿದರೆ ಮೋಸ ಹೋಗುವುದು ಖಂಡಿತ. ೨೦೦೪ರ ಯೂರೋಪ್ ಕಪ್ಪಿನ ಮೊದಲ ಪಂದ್ಯದಲ್ಲಿ ಗ್ರೀಸ್ ಆತಿಥೇಯ ಪೋರ್ಚುಗಲ್ಲನ್ನು ೨-೧ರಿಂದ ಸೋಲಿಸಿತು. ಅಂತಿಮ ಪಂದ್ಯದಲ್ಲಿ ಪೋರ್ಚುಗಲ್ ಸೇಡು ತೀರಿಸಿಕೊಳ್ಳುವುದೆಂದು ನಂಬಿದವರೆಲ್ಲರ ಎದುರಿಗೆ ಗ್ರೀಸ್ ಮತ್ತೆ ೧-೦ಯಿಂದ ಗೆದ್ದಿತು. ಮೊದಲ ಭೇಟಿ ಎದುರಾಳಿಯ ಪರಿಚಯ ಮಾಡಿಸುತ್ತದೆ. ಆ ಪರಿಚಯದಿಂದ ಯಾರು ಹೆಚ್ಚು ಕಲಿತರು ಎಂಬುದನ್ನು ಮಾತ್ರ ಎರಡನೆಯ ಭೇಟಿಯೇ ಹೇಳಬೇಕು.

ಕಂಠೀರವದಲ್ಲಿ ಕಂಡ ಫಲ

ಹೀಗೆಂದ ಮಾತ್ರಕ್ಕೆ ಭವಿಷ್ಯ ನುಡಿಯುವುದೆಲ್ಲ ವ್ಯರ್ಥವೆ? ಅಲ್ಲ. ಕೆಲವು ಪಂದ್ಯಗಳು ತಮ್ಮ ಮುಖಲಕ್ಷಣವನ್ನು ಮೊದಲೇ ತೋರಿಸುತ್ತವೆ. ಕರ್ನಾಟಕದ ನೆಲದಲ್ಲಿಯೇ, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ, ೨೦೨೩ರ ಜುಲೈ ೪ರಂದು ನಡೆದ ದಕ್ಷಿಣ ಏಷ್ಯ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ ಅಂಥದು. ಅತಿಥಿಯಾಗಿ ಬಂದಿದ್ದ ಕುವೈತ್ ಭಾರತಕ್ಕೆ ಎದುರಾಳಿ.

ಅದಕ್ಕೆ ಒಂದು ವಾರ ಮೊದಲು ಇದೇ ಅಂಗಳದಲ್ಲಿ ಎರಡು ತಂಡಗಳೂ ೧-೧ರಿಂದ ಸಮ ಮಾಡಿಕೊಂಡಿದ್ದವು. ಸುನಿಲ್ ಛೆಟ್ರಿ ಹೊಡೆದ ಗೋಲಿನಿಂದ ಭಾರತ ಮುಂದಿತ್ತು. ಕೊನೆಯ ಗಳಿಗೆಯಲ್ಲಿ ತನ್ನದೇ ರಕ್ಷಕನ ಕಾಲಿಗೆ ತಗುಲಿದ ಚೆಂಡು ಗೋಲಾಗಿ ಗೆಲುವು ಜಾರಿತು. ಸೆಮಿಫೈನಲ್ಲಿನಲ್ಲಿ ಕುವೈತ್ ಬಾಂಗ್ಲಾದೇಶವನ್ನು ಹೆಚ್ಚುವರಿ ಸಮಯದಲ್ಲಿ ೧-೦ಯಿಂದ ಸೋಲಿಸಿತು. ಭಾರತ ಲೆಬನಾನಿನೊಂದಿಗೆ ಗೋಲಿಲ್ಲದೆ ಸಮ ಮಾಡಿ, ಪೆನಾಲ್ಟಿ ಒದೆತಗಳಲ್ಲಿ ೪-೨ರಿಂದ ಗೆದ್ದಿತು. ಕೆಂಪು ಚೀಟಿ ಪಡೆದಿದ್ದ ಶಿಕ್ಷಕ ಇಗೊರ್ ಸ್ಟಿಮಾಚ್ ಅಂಗಳದ ಅಂಚಿಗೆ ಬರುವಂತಿರಲಿಲ್ಲ. ಸಹಾಯಕ ಮಹೇಶ್ ಗವಳಿ ತಂಡವನ್ನು ನೋಡಿಕೊಂಡರು.

ಈ ಸಂಗತಿಗಳಿಂದ ವಿವೇಕಿ ಏನು ಹೇಳಬಹುದಾಗಿತ್ತು? ಇಬ್ಬರೂ ನೂರಿಪ್ಪತ್ತು ನಿಮಿಷ ಆಡಿ ದಣಿದವರು. ಇಬ್ಬರ ರಕ್ಷಣೆಯೂ ಬಿಗಿ. ಹಿಂದಿನ ಭೇಟಿ ಸಮ. ಆದ್ದರಿಂದ ಗೋಲುಗಳು ವಿರಳ, ಪಂದ್ಯ ಪೆನಾಲ್ಟಿಯವರೆಗೂ ಹೋಗುವ ಸಂಭವ ಹೆಚ್ಚು. ಹಾಗೆ ಹೋದರೆ, ಬೆಂಗಳೂರು ತಂಡದ ಆಟಗಾರನಾಗಿ ಈ ಅಂಗಳದಲ್ಲಿಯೇ ಬಹುಕಾಲ ನಿಂತ, ಮೂರು ದಿನಗಳ ಹಿಂದಷ್ಟೇ ಪೆನಾಲ್ಟಿಗಳಲ್ಲಿ ಜಯ ಕಂಡ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಭಾರತಕ್ಕೆ ಬಲ.

ನಡೆದದ್ದೂ ಹಾಗೆಯೇ. ೧೪ನೆಯ ನಿಮಿಷದಲ್ಲಿ ಕುವೈತ್ ಗೋಲು ಹೊಡೆಯಿತು. ವಿರಾಮಕ್ಕೆ ಮುನ್ನ ಸಹಲ್ ಅಬ್ದುಲ್ ಸಮದ್ ನೀಡಿದ ಚೆಂಡನ್ನು ಲಾಲ್ಲಿಯನ್‌ಜುವಾಲ ಛಾಂಗ್ಟೆ ಗೋಲಿಗೆ ತಳ್ಳಿದರು. ಅಲ್ಲಿಂದ ಮುಂದೆ ಯಾರಿಗೂ ಗೋಲಿಲ್ಲ. ಐದೈದು ಪೆನಾಲ್ಟಿಗಳ ಅನಂತರವೂ ೪-೪. ಆರನೆಯದನ್ನು ಮಹೇಶ್ ಸಿಂಗ್ ಗೋಲಿಗೆ ಹೊಡೆದರು. ಕುವೈತಿನ ಆರನೆಯ ಒದೆತವನ್ನು ಗುರುಪ್ರೀತ್ ಹಾರಿ ತಡೆದರು. ಭಾರತ ಒಂಬತ್ತನೆಯ ಬಾರಿ ಚಾಂಪಿಯನ್ ಆಯಿತು.

ಆದರೂ ಈ ಜಯದಿಂದ ಭವಿಷ್ಯವಾದಿ ಮೀಸೆ ತಿರುವಬೇಕಾಗಿಲ್ಲ. ಆ ಕೊನೆಯ ಒದೆತ ಗುರುಪ್ರೀತರ ಇನ್ನೊಂದು ಬದಿಗೆ ಹೋಗಿದ್ದರೆ ಅದೇ ತರ್ಕ, ಅದೇ ಸಂಗತಿಗಳು ಸೋಲಿನ ಕಥೆಯಾಗುತ್ತಿದ್ದವು. ಪಂದ್ಯದ ಆಕಾರವನ್ನು ಊಹಿಸಲು ಸಾಧ್ಯವಾಯಿತು. ಅದರ ಕೊನೆಯ ಅಕ್ಷರವನ್ನಲ್ಲ.

ಅದೃಷ್ಟದ ಪಾಲು

ಕಾಲ್ಚೆಂಡಿನಲ್ಲಿ ಅದೃಷ್ಟಕ್ಕೆ ಇಷ್ಟು ದೊಡ್ಡ ಪಾಲೇಕೆ? ಉತ್ತರ ಗೋಲುಗಳ ಸಂಖ್ಯೆಯಲ್ಲಿದೆ. ೨೦೨೨ರ ವಿಶ್ವಕಪ್ಪಿನ ೬೪ ಪಂದ್ಯಗಳಲ್ಲಿ ೧೭೨ ಗೋಲುಗಳು ಬಂದವು. ಎಂದರೆ ಪಂದ್ಯಕ್ಕೆ ಮೂರಕ್ಕೂ ಕಡಿಮೆ. ಬ್ಯಾಸ್ಕೆಟ್‌ಬಾಲಿನಲ್ಲಿ ನೂರಾರು ಅಂಕಗಳು ಬರುವುದರಿಂದ ಒಂದೆರಡು ಆಕಸ್ಮಿಕಗಳು ಅದರೊಳಗೆ ಕರಗಿಹೋಗುತ್ತವೆ. ಕಾಲ್ಚೆಂಡಿನಲ್ಲಿ ಒಂದೇ ಆಕಸ್ಮಿಕ ಇಡೀ ಪಂದ್ಯವನ್ನು ನುಂಗಬಲ್ಲದು.

ಗಣಿತಜ್ಞರು ಇದನ್ನು ಲೆಕ್ಕ ಹಾಕಿ ತೋರಿಸುತ್ತಾರೆ. ಒಂದು ತಂಡ ಸರಾಸರಿ ಎರಡು ಗೋಲು, ಎದುರಾಳಿ ಸರಾಸರಿ ಒಂದು ಗೋಲು ಹೊಡೆಯುವಂಥವೆಂದು ಭಾವಿಸಿದರೆ, ಮೊದಲನೆಯದು ಎರಡು ಪಟ್ಟು ಬಲಶಾಲಿಯಾದಂತಾಯಿತಲ್ಲವೆ? ಆದರೂ ಸಂಭವಶಾಸ್ತ್ರದ ಪ್ರಕಾರ ಅದು ನೂರು ಪಂದ್ಯಗಳಲ್ಲಿ ಗೆಲ್ಲುವುದು ಸುಮಾರು ಅರವತ್ತೊಂದು ಮಾತ್ರ. ಇಪ್ಪತ್ತೊಂದು ಸಮವಾಗುತ್ತವೆ, ಹದಿನೆಂಟರಲ್ಲಿ ದುರ್ಬಲ ತಂಡವೇ ಗೆಲ್ಲುತ್ತದೆ. ಬಲಶಾಲಿಯ ಗೆಲುವನ್ನು ಖಚಿತವೆಂದು ಸಾರುವವನು ನೂರಕ್ಕೆ ಮೂವತ್ತೊಂಬತ್ತು ಬಾರಿ ತಲೆ ತಗ್ಗಿಸಬೇಕಾಗುತ್ತದೆ.

೧೯೫೦ರ ಜುಲೈ ೧೬ರಂದು ರಿಯೊ ನಗರದ ಮರಕಾನ ಕ್ರೀಡಾಂಗಣದಲ್ಲಿ ಬ್ರೆಜಿಲ್ಲಿಗೆ ಬೇಕಾಗಿದ್ದುದು ಸಮ ಮಾತ್ರ. ಪಂದ್ಯಕ್ಕೆ ಮೊದಲೇ ಅಲ್ಲಿನ ಪತ್ರಿಕೆಯೊಂದು ತನ್ನ ತಂಡವನ್ನು ವಿಶ್ವವಿಜಯಿಯೆಂದು ಅಚ್ಚುಮಾಡಿತ್ತು. ಉರುಗ್ವೆ ೨-೧ರಿಂದ ಗೆದ್ದಿತು. ೨೦೧೦ರಲ್ಲಿ ಜರ್ಮನಿಯ ಓಬರ್‌ಹೌಸನ್ನಿನ ‘ಪಾಲ್’ ಎಂಬ ಅಷ್ಟಪದಿಯಾದರೋ ಅಂತಿಮ ಪಂದ್ಯವೂ ಸೇರಿ ಎಂಟಕ್ಕೆ ಎಂಟು ಫಲಗಳನ್ನು ಸರಿಯಾಗಿ ಆರಿಸಿ ಜಗತ್ಪ್ರಸಿದ್ಧವಾಯಿತು. ನಾಣ್ಯ ಚಿಮ್ಮುವವನಿಗೂ ೨೫೬ರಲ್ಲಿ ಒಂದು ಬಾರಿ ಅದೇ ಭಾಗ್ಯ ಒದಗುತ್ತದೆ. ಸರಿ ಉತ್ತರ ಹೇಳಿದವರೆಲ್ಲ ಕಾರಣ ತಿಳಿದವರೆಂದು ಭಾವಿಸಬೇಕಾಗಿಲ್ಲ.

ಶಿಕ್ಷಕನ ಗುಟ್ಟು ಕೂಡ ಅದೃಷ್ಟದಷ್ಟೇ ಊಹೆಗೆ ನಿಲುಕದು. ೨೦೨೨ರ ಡಿಸೆಂಬರ್ ೧೮ರಂದು ಕತಾರಿನಲ್ಲಿ ಅರ್ಜೆಂಟೀನದ ಶಿಕ್ಷಕ ಸ್ಕಾಲೋನಿ, ಅದುವರೆಗಿನ ನಿರ್ಣಾಯಕ ಪಂದ್ಯಗಳಲ್ಲಿ ಹೆಚ್ಚಾಗಿ ಹೊರಗೆ ಕುಳಿತಿದ್ದ ಡಿ ಮರಿಯ ಎಂಬ ಅನುಭವಿಯನ್ನು ಎಡ ಅಂಚಿನಲ್ಲಿ ನಿಲ್ಲಿಸಿದರು. ಮೊದಲ ಪೆನಾಲ್ಟಿ ದೊರೆತದ್ದು ಅವನಿಂದ. ಎರಡನೆಯ ಗೋಲನ್ನು ಹೊಡೆದವನೂ ಅವನೇ. ಫ್ರಾನ್ಸಿನ ಶಿಕ್ಷಕ ವಿರಾಮಕ್ಕೂ ಕಾಯದೆ ಇಬ್ಬರು ಆಟಗಾರರನ್ನು ಬದಲಿಸಬೇಕಾಯಿತು. ಜಕಾರ್ತದಲ್ಲಿ ಜರ್ನೈಲ್ ಮಾಡಿದ ಕೆಲಸವನ್ನು ಅರವತ್ತು ವರ್ಷಗಳ ಮೇಲೆ ಡಿ ಮರಿಯ ಮಾಡಿದ. ಆದರೆ ಕೊನೆಯ ಹತ್ತು ನಿಮಿಷಗಳಲ್ಲಿ ಎಂಬಾಪೆ ಎರಡು ನಿಮಿಷಗಳೊಳಗೆ ಎರಡು ಗೋಲು ಹೊಡೆದು ಎಲ್ಲವನ್ನೂ ಬುಡಮೇಲು ಮಾಡಿದ. ೩-೩ರ ಅನಂತರ ಪೆನಾಲ್ಟಿಗಳಲ್ಲಷ್ಟೇ ಅರ್ಜೆಂಟೀನ ಉಳಿದುಕೊಂಡಿತು.

ಊಹೆಯೂ ಜೂಜೂ

ಈ ವಿಚಾರ ಕೇವಲ ಚಹದಂಗಡಿಯ ಹರಟೆಗೆ ಸೇರಿದ್ದಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ‘ನನಗೆ ಗೊತ್ತಿದೆ’ ಎಂಬ ಭ್ರಮೆಗೆ ಇಂದು ಕೈಯಲ್ಲಿ ಹಿಡಿಯುವ ಮೊಬೈಲಿನಲ್ಲಿಯೇ ಬೆಲೆ ಕಟ್ಟುವವರಿದ್ದಾರೆ. ಪಂದ್ಯದ ಫಲದ ಮೇಲೆ ಹಣ ಕಟ್ಟುವ ಚಟ ಎಷ್ಟೋ ಮನೆಗಳ ಸಂಬಳವನ್ನು, ಬೆಳೆಯ ಹಣವನ್ನು, ಮಗಳ ಮದುವೆಗೆ ಕೂಡಿಟ್ಟ ಒಡವೆಯನ್ನು ಕರಗಿಸಿದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಅಂಗೀಕರಿಸಿತು. ಆದರೆ ಕಾಯಿದೆ ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಕಿಟಕಿ ಹುಡುಕುವುದು ಚಟದ ಸ್ವಭಾವ.

ಮಕ್ಕಳಿಗೆ ‘ಜೂಜು ಕೆಟ್ಟದ್ದು’ ಎಂದು ಹೇಳಿದರೆ ಅವರು ತಲೆಯಾಡಿಸಿ ಮರೆಯುತ್ತಾರೆ. ಅದರ ಬದಲು ಮೇಲಿನ ಅರವತ್ತೊಂದು, ಇಪ್ಪತ್ತೊಂದು, ಹದಿನೆಂಟರ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಬೇಕು. ಭಾರತದ ಅತ್ಯುತ್ತಮ ಶಿಕ್ಷಕನೂ ಜಕಾರ್ತದ ಕೊನೆಯ ಐದು ನಿಮಿಷಗಳನ್ನು ಗೆದ್ದೇವೆಂಬ ಭರವಸೆಯಿಂದ ಕಳೆದಿರಲಾರ ಎಂಬುದನ್ನು ಹೇಳಬೇಕು. ಆಗ ಅವರಿಗೆ ತಾವಾಗಿಯೇ ತಿಳಿದೀತು.

ಹಣವಿಲ್ಲದ ಊಹೆಯಾದರೋ ಸೊಗಸಾದ ವಿದ್ಯೆ. ಮುಂದಿನ ಅಂತಿಮ ಪಂದ್ಯದ ಹಿಂದಿನ ಸಂಜೆ ಮನೆಮಂದಿಯೆಲ್ಲ ಕುಳಿತು ತಂತಮ್ಮ ಊಹೆಯನ್ನು ಕಾರಣಸಹಿತವಾಗಿ ಒಂದೊಂದು ಚೀಟಿಯಲ್ಲಿ ಬರೆದಿಡಲಿ. ಹಿಂದಿನ ಭೇಟಿಯಲ್ಲಿ ಏನಾಯಿತು, ಯಾರಿಗೆ ಗಾಯವಾಗಿದೆ, ಯಾವ ತಂಡ ಹೆಚ್ಚು ದಣಿದಿದೆ, ಎದುರಾಳಿಯ ಚೆಂಡು ಎತ್ತರದಿಂದ ಬರುವುದೋ ನೆಲದ ಮೇಲೋ, ಮುನ್ನುಗ್ಗಿದಾಗ ಅವರ ಬೆನ್ನ ಹಿಂದೆ ಎಲ್ಲಿ ಬರಿದಾಗುತ್ತದೆ ಎಂಬ ಐದು ಪ್ರಶ್ನೆಗಳಿಗೆ ಉತ್ತರ ಬರ‍ೆದರೆ ಸಾಕು. ಪಂದ್ಯದ ಮೊದಲ ಇಪ್ಪತ್ತು ನಿಮಿಷಗಳಲ್ಲಿ ಯಾರು ಎಲ್ಲಿ ನಿಂತಿದ್ದಾರೆಂಬುದನ್ನು ಕಣ್ಣಿಟ್ಟು ನೋಡಲಿ. ಹಿಂದೆ ನಿಲ್ಲಬೇಕಾದವನೊಬ್ಬ ಮುಂದೆ ಕಂಡರೆ ಶಿಕ್ಷಕನ ಗುಟ್ಟು ಅಲ್ಲಿಯೇ ಇದೆ. ಪಂದ್ಯ ಮುಗಿದ ಮೇಲೆ ಚೀಟಿಗಳನ್ನು ಬಿಚ್ಚಿ, ಫಲ ಸರಿಯಾಗಿ ಹೇಳಿದವರಿಗಿಂತ ಕಾರಣ ಸರಿಯಾಗಿ ಹೇಳಿದವರಿಗೆ ಮನೆಯ ಹಿರಿಯರು ಒಂದು ತಟ್ಟೆ ಮಿರ್ಚಿ ಭಜಿಯನ್ನು ಬಹುಮಾನವಾಗಿ ಕೊಡಲಿ.